ಅಪಘಾತದಲ್ಲಿ ಮೂಳೆ ಮುರಿದರೆ ಪರಿಹಾರ ಪಡೆಯುವುದು ಹೇಗೆ?

ಗಾಯಾಳುವನ್ನು ಆಸ್ಪತ್ರೆಗೆ ತಂದ ಕೂಡಲೇ ಡಾಕ್ಟರು ‘ಹೇಗಾಯ್ತು?’ ಎಂದು ಕೇಳುತ್ತಾರೆ. ಗಾಬರಿಯಲ್ಲಿರುವ ಮನೆಯವರು ‘ಬೈಕಿಂದ ಬಿದ್ರು’ ಎಂದುಬಿಡುತ್ತಾರೆ. ಆ ಮಾತು ಹಾಗೇ ಎಂಎಲ್‌ಸಿ ರಿಜಿಸ್ಟರ್ (ಪೊಲೀಸ್ ಕೇಸಾಗುವ ಗಾಯಗಳನ್ನು ಆಸ್ಪತ್ರೆ ದಾಖಲಿಸುವ ಪುಸ್ತಕ) ಸೇರುತ್ತದೆ. ಇನ್ನೊಂದು ವಾಹನವೇ ಇರಲಿಲ್ಲ, ತಾನಾಗಿ ಬಿದ್ದದ್ದು ಎಂದು ವಿಮಾ ಕಂಪನಿಯ ವಕೀಲರು ಮುಂದೆ ವಾದಿಸುವುದು ಆ ಒಂದೇ ಸಾಲನ್ನು ಹಿಡಿದು. ಯಾವ ವಾಹನ, ಎಲ್ಲಿ, ಎಷ್ಟು ಹೊತ್ತಿಗೆ, ಯಾವ ಕಡೆಯಿಂದ ಬಂದು ಗುದ್ದಿತು ಎಂಬುದನ್ನು ಮೊದಲ ಸಲವೇ ಸರಿಯಾಗಿ ಹೇಳಿ. ಬರೆದದ್ದನ್ನು ಓದಿಸಿ ಕೇಳಿ.

ಪೊಲೀಸ್ ದೂರು ಅದೇ ದಿನ ಆಗಲಿ. ಆಪರೇಷನ್ ಇತ್ಯಾದಿಯಿಂದ ತಡವಾಗಿದ್ದರೆ ಕಾರಣವನ್ನು ದೂರಿನಲ್ಲೇ ಬರೆಸಿ. ಆಮೇಲೆ ಎಫ್‌ಐಆರ್, ಸ್ಥಳ ಮಹಜರು, ವಾಹನ ತಪಾಸಣಾ ವರದಿ, ಗಾಯದ ಪ್ರಮಾಣಪತ್ರ, ಚಾರ್ಜ್‌ಶೀಟ್‌ಗಳ ನಕಲು ತೆಗೆದುಕೊಳ್ಳಿ. ಗಾಯದ ಪ್ರಮಾಣಪತ್ರವನ್ನು ನಿಂತಲ್ಲೇ ಓದಿ ನೋಡಿ. ಮೂಳೆ ಮುರಿದರೆ ಅದು ಕಾನೂನಿನ ಲೆಕ್ಕದಲ್ಲಿ ತೀವ್ರ ಸ್ವರೂಪದ ಗಾಯ. ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಂ ಹೀಗೇ ಹೇಳುತ್ತದೆ. ಎಕ್ಸ್‌ರೇ ಬರುವ ಮೊದಲೇ ‘ಸಾದಾ ಗಾಯ’ ಎಂದು ಬರೆದಿದ್ದರೆ ಫಿಲ್ಮ್ ತೋರಿಸಿ ತಿದ್ದಿಸಿಕೊಳ್ಳಿ.

ಅರ್ಜಿ ಹಾಕಬೇಕಾದದ್ದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ, 1988ರ ಮೋಟಾರು ವಾಹನ ಕಾಯ್ದೆಯ 166ನೇ ಕಲಂ ಅಡಿ. ಚಾಲಕ, ಮಾಲೀಕ, ವಿಮಾ ಕಂಪನಿ ಮೂವರನ್ನೂ ಪ್ರತಿವಾದಿ ಮಾಡಿ. ಅಪಘಾತ ಬೇರೆ ಜಿಲ್ಲೆಯಲ್ಲಾಗಿದ್ದರೂ ನೀವು ವಾಸವಿರುವ ಊರಿನ ನ್ಯಾಯಮಂಡಳಿಯಲ್ಲೇ ಹಾಕಬಹುದು. 2022ರ ಏಪ್ರಿಲ್ 1ರಿಂದ ಕಾಯ್ದೆ ಹೇಳುವ ಗಡುವು ಆರು ತಿಂಗಳು. ಪ್ಲಾಸ್ಟರ್ ಬಿಚ್ಚಲಿ, ಆಮೇಲೆ ನೋಡೋಣ ಎಂದು ಕೂರಬೇಡಿ. ಗುದ್ದಿದ ವಾಹನ ಯಾವುದೆಂದು ಪತ್ತೆಯೇ ಆಗದಿದ್ದರೆ ದಾರಿ ಬೇರೆ: 161ನೇ ಕಲಂ ಅಡಿ ತೀವ್ರ ಗಾಯಕ್ಕೆ 50,000 ರೂಪಾಯಿ ಸಿಗುತ್ತದೆ.

ಇನ್ನು ಜನ ಅತಿ ಹೆಚ್ಚು ಕಳೆದುಕೊಳ್ಳುವ ಹಂತ, ಅಂಗವೈಕಲ್ಯದ ಲೆಕ್ಕ. ಆಸ್ಪತ್ರೆ ಖರ್ಚು, ನೋವು, ರಜೆಯ ದಿನಗಳ ಸಂಬಳ ಇವಕ್ಕೆಲ್ಲ ಬೇರೆ ಬೇರೆ ಮೊತ್ತ ಉಂಟು. ದೊಡ್ಡ ಮೊತ್ತ ಬರುವುದು ಮುಂದಿನ ದುಡಿಮೆಗೆ ಬಿದ್ದ ಪೆಟ್ಟಿನಿಂದ. ಸುಪ್ರೀಂ ಕೋರ್ಟ್ 2010ರ ರಾಜ್‌ಕುಮಾರ್ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿದೆ: ಡಾಕ್ಟರು ಕೊಡುವ ಶೇಕಡಾವಾರು ಒಂದು, ಗಳಿಕೆಯಲ್ಲಿ ಆಗುವ ನಷ್ಟ ಇನ್ನೊಂದು. ಮಂಡಿ ಪೂರ್ತಿ ಮಡಚಲಾಗದಿದ್ದರೆ ಕುರ್ಚಿಯಲ್ಲಿ ಕೂತು ಲೆಕ್ಕ ಬರೆಯುವವರು ಹೇಗೋ ನಿಭಾಯಿಸಿಯಾರು. ಟೈಲ್ಸ್ ಹಾಕುವವರ ಕಸುಬೇ ನಿಂತುಹೋಗುತ್ತದೆ. ನೀವು ದಿನವಿಡೀ ಏನು ಮಾಡುತ್ತಿದ್ದಿರಿ, ಈಗ ಅದರಲ್ಲಿ ಯಾವುದು ಆಗುವುದಿಲ್ಲ ಎಂಬುದು ಸಾಕ್ಷ್ಯದಲ್ಲಿ ಬರಲೇಬೇಕು.

ಲೆಕ್ಕ ಹೀಗೆ. ವಯಸ್ಸು 34, ಸ್ವಂತ ಕಸುಬು, ತಿಂಗಳಿಗೆ 15,000 ರೂಪಾಯಿ ಆದಾಯ ಎಂದಿಟ್ಟುಕೊಳ್ಳಿ. ಮುಂದೆ ಹೆಚ್ಚಬಹುದಾದ ಆದಾಯಕ್ಕೆಂದು ಶೇ 40 ಸೇರಿಸಿದರೆ 21,000, ವರ್ಷಕ್ಕೆ 2,52,000. ಈ ವಯಸ್ಸಿಗೆ ಗುಣಕ, ಅಂದರೆ ವರ್ಷದ ಆದಾಯವನ್ನು ಎಷ್ಟರಿಂದ ಗುಣಿಸಬೇಕೆಂಬ ಸಂಖ್ಯೆ, 16. ಗಳಿಕೆಯ ನಷ್ಟ ಶೇ 10 ಎಂದಾದರೆ 4,03,200 ರೂಪಾಯಿ. ಶೇ 20 ಎಂದಾದರೆ ಅದರ ಎರಡರಷ್ಟು. ಕಾಲಿಗೆ ಶೇ 30 ಎಂದು ಸರ್ಟಿಫಿಕೇಟ್ ಇದ್ದ ಮಾತ್ರಕ್ಕೆ ಇಡೀ ದೇಹಕ್ಕೂ ಅಷ್ಟೇ ಎಂದು ಹಿಡಿಯುವುದಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ಬರೆಸಿ.

ತಪಾಸಣೆಗೆ ಮೂಳೆ ಕೂಡಿದ ಮೇಲೆ, ಹೊಸ ಎಕ್ಸ್‌ರೇ ತೆಗೆಸಿಕೊಂಡು ಹೋಗಿ. ಕೀಲು ಎಷ್ಟು ಡಿಗ್ರಿ ಮಡಚುತ್ತದೆ, ಕಾಲು ಎಷ್ಟು ಸೆಂಟಿಮೀಟರ್ ಗಿಡ್ಡವಾಗಿದೆ, ಮೂಳೆ ಸೊಟ್ಟ ಕೂಡಿದೆಯೇ ಎಂಬ ಅಳತೆಗಳು ವರದಿಯಲ್ಲಿರಲಿ. ಅಳತೆಯಿಲ್ಲದ ಶೇಕಡಾವಾರು ಪಾಟಿಸವಾಲಿನಲ್ಲಿ ಉಳಿಯುವುದಿಲ್ಲ. ಆಪರೇಷನ್ ಮಾಡಿದ ಡಾಕ್ಟರಿಂದಲೇ ಬರೆಸುವುದು ಎಲ್ಲಕ್ಕಿಂತ ಒಳ್ಳೆಯದು, ಸಾಕ್ಷಿಗೂ ಅವರೇ ಬರಲಿ. ದುಡ್ಡು ಕೊಟ್ಟರೆ ಹೆಚ್ಚು ಪರ್ಸೆಂಟ್ ಹಾಕಿಸಿಕೊಡುತ್ತೇವೆ ಎನ್ನುವ ದಲ್ಲಾಳಿಗಳನ್ನು ಹತ್ತಿರ ಸೇರಿಸಬೇಡಿ. ಒಂದು ಸುಳ್ಳು ಕಾಗದ ಸಿಕ್ಕಿಬಿದ್ದರೆ ನಿಜವಾದ ಬಿಲ್ಲುಗಳ ಮೇಲೂ ಅನುಮಾನ ಬರುತ್ತದೆ. ಖಾಲಿ ಹಾಳೆಗೆ, ಖಾಲಿ ವಕಾಲತ್ತಿಗೆ ಸಹಿ ಖಂಡಿತ ಬೇಡ.

ಪ್ಲೇಟು, ರಾಡು, ಸ್ಕ್ರೂ ಒಳಗೇ ಇದ್ದು ಮುಂದೆ ತೆಗೆಸಬೇಕಿದ್ದರೆ ಆ ಖರ್ಚಿನ ಅಂದಾಜನ್ನು ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿ ಬರೆಸಿ ಈಗಲೇ ಕೇಳಿ. ಬಹಳ ಮಂದಿ ಇದನ್ನು ಮರೆಯುತ್ತಾರೆ. ಬಿಲ್ಲುಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ಔಷಧಿಯ ಬಿಲ್ಲಿನ ಜೊತೆ ಚೀಟಿಯೂ ಇರಲಿ. ಆದಾಯಕ್ಕೆ ಪಾಸ್‌ಬುಕ್, ಸಂಬಳ ಚೀಟಿ, ತೆರಿಗೆ ರಿಟರ್ನ್ಸ್ ಕೊಡಿ. ಮಾಲೀಕರ ಪತ್ರ ಮಾತ್ರ ಇದ್ದರೆ ಅವರನ್ನು ಸಾಕ್ಷಿಗೆ ಕರೆಸಿ.

ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಹಣ ಬೇಗ ಬರುತ್ತದೆ, ತಪ್ಪೇನಿಲ್ಲ. ಆದರೆ ಅಂಗವೈಕಲ್ಯದ ವರದಿ ಕೈಗೆ ಬರುವ ಮುನ್ನ ಒಪ್ಪಬೇಡಿ. ರಾಜಿಗೆ ಸಹಿ ಹಾಕಿದ ಮೇಲೆ ಮೂಳೆ ಕೂಡಲಿಲ್ಲ, ಮತ್ತೆ ಆಪರೇಷನ್ ಆಯಿತು ಎಂದು ಅದೇ ಅಪಘಾತಕ್ಕೆ ಎರಡನೇ ಅರ್ಜಿ ಹಾಕಲು ಬರುವುದಿಲ್ಲ.