ಒಂಬತ್ತು ಜನಕ್ಕೆ ಪರವಾನಗಿ, ಆರು ಜನಕ್ಕೆ ಪ್ರವಾಸ

ಮಿನಿಯಾಪೊಲಿಸ್ ಸುತ್ತಮುತ್ತಲಿನ ಕನ್ನಡಿಗರ ಮನೆಗಳಲ್ಲಿ ಸಂಕ್ರಾಂತಿಯ ಎಳ್ಳುಬೆಲ್ಲ ಹಂಚುವಾಗ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: ಈ ಬೇಸಿಗೆಯಲ್ಲಿ ಎಲ್ಲರೂ ಸೇರಿ ಬೌಂಡರಿ ವಾಟರ್ಸ್‌ಗೆ ಹೋಗೋಣ, ದೋಣಿ ನಡೆಸೋಣ, ಮೀನು ಹಿಡಿಯೋಣ. ಹೊರಗೆ ಮೊಣಕಾಲುದ್ದ ಹಿಮ. ಎಲ್ಲರೂ ತಲೆಯಾಡಿಸುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ಮೇ ತಿಂಗಳಲ್ಲಿ ಮತ್ತೆ ನೆನಪಾದಾಗ ಒಳ್ಳೆಯ ಪ್ರವೇಶಸ್ಥಳಗಳೆಲ್ಲ ಭರ್ತಿ. ತಮಾಷೆಯೆಂದರೆ, ಎಳ್ಳುಬೆಲ್ಲದ ಆ ಹೊತ್ತೇ ಯೋಜನೆ ಹಾಕಲು ತಕ್ಕ ಹೊತ್ತು. ಬೇಸಿಗೆಯ ಮುಂಗಡ ನೋಂದಣಿ ಜನವರಿ ಕೊನೆಯ ವಾರದಲ್ಲಿ ತೆರೆಯುತ್ತದೆ.

ಬೌಂಡರಿ ವಾಟರ್ಸ್ ಎಂದರೆ ಮಿನ್ನೆಸೋಟ ರಾಜ್ಯದ ಈಶಾನ್ಯ ಮೂಲೆಯಲ್ಲಿ, ಕೆನಡಾದ ಗಡಿಗೆ ಅಂಟಿಕೊಂಡು, ಸುಪೀರಿಯರ್ ರಾಷ್ಟ್ರೀಯ ಅರಣ್ಯದೊಳಗೆ ಹರಡಿರುವ ಹತ್ತು ಲಕ್ಷ ಎಕರೆಗೂ ಮಿಕ್ಕಿದ ಕಾಡು. ಸಾವಿರಕ್ಕೂ ಹೆಚ್ಚು ಸರೋವರಗಳಿವೆ. (ಸರೋವರವೆಂದರೆ ನಮಗೆ ಹಂಸ ನೆನಪಾಗುತ್ತದೆ, ಇಲ್ಲಿ ರಾತ್ರಿ ಕೂಗುವುದು ಲೂನ್ ಹಕ್ಕಿ. ಮೊದಲ ರಾತ್ರಿ ಆ ಕೂಗಿಗೆ ನಿದ್ದೆ ಬರುವುದಿಲ್ಲ.) ಒಳಗೆ ರಸ್ತೆಯಿಲ್ಲ, ಅಂಗಡಿಯಿಲ್ಲ, ಬಹುತೇಕ ಸರೋವರಗಳಲ್ಲಿ ಮೋಟಾರು ದೋಣಿಗೂ ಅವಕಾಶವಿಲ್ಲ. ಒಂದು ನೀರಿನಿಂದ ಇನ್ನೊಂದಕ್ಕೆ ಹೋಗಬೇಕಾದರೆ ನಡುವಿನ ಕಾಡುದಾರಿಯಲ್ಲಿ ದೋಣಿಯನ್ನೇ ಹೆಗಲಿಗೇರಿಸಿ ನಡೆಯಬೇಕು. ಇದಕ್ಕೆ ಪೋರ್ಟೇಜ್ ಎಂಬ ಹೆಸರು ಕೊಟ್ಟವರು ತುಪ್ಪಳ ವ್ಯಾಪಾರದ ಫ್ರೆಂಚರು. ಅವರು ಬರುವುದಕ್ಕೆ ಬಹಳ ಮೊದಲೇ ಇಲ್ಲಿನ ಮೂಲನಿವಾಸಿಗಳು ಈ ದಾರಿಗಳನ್ನು ತುಳಿದಿದ್ದರು.

ಮೊದಲ ಹೆಜ್ಜೆ: ತಲೆ ಎಣಿಸಿ, ಆಮೇಲೆ ಕಡಿಮೆ ಮಾಡಿ

ನಿಯಮದ ಪ್ರಕಾರ ಒಂದು ಗುಂಪಿನಲ್ಲಿ ಹೆಚ್ಚೆಂದರೆ 9 ಜನ, 4 ದೋಣಿ. ಎರಡು ಪರವಾನಗಿ ಪಡೆದು ಒಳಗೆ ಒಂದಾಗುತ್ತೇವೆ ಎಂಬ ಜಾಣತನ ನಡೆಯುವುದಿಲ್ಲ. ಮಧ್ಯಾಹ್ನದ ಊಟಕ್ಕೂ ಒಂಬತ್ತಕ್ಕಿಂತ ಹೆಚ್ಚು ಜನ ಒಟ್ಟಿಗೆ ಸೇರುವಂತಿಲ್ಲ. ನನ್ನ ಸಲಹೆ ಆರು ಜನ, ಮೂರು ದೋಣಿ. ಬಿಡಾರ ಹೂಡಬೇಕಾದದ್ದು ಗೊತ್ತುಪಡಿಸಿದ ಜಾಗಗಳಲ್ಲಿ ಮಾತ್ರ. ಅಲ್ಲಿ ಒಂದು ಕಬ್ಬಿಣದ ಒಲೆ, ಪೊದೆಗಳಾಚೆ ಒಂದು ಶೌಚದ ಪೆಟ್ಟಿಗೆ, ಬಂಡೆಯೂ ಬೇರೂ ಇಲ್ಲದ ಸಮತಟ್ಟು ನೆಲ ಎರಡೋ ಮೂರೋ ಡೇರೆಗೆ ಸಾಕಾಗುವಷ್ಟು. ಒಂಬತ್ತನೆಯವರು ಬೇರಿನ ಮೇಲೆ ಮಲಗಿ, ಬೆಳಗ್ಗೆ ಎದ್ದು ಎಲ್ಲರ ಮೇಲೆ ಸಿಡುಕುತ್ತಾರೆ. ಯಾರಿಗೆ ಈಜು ಬರುತ್ತದೆ, ಯಾರ ಮಂಡಿ ನೋಯುತ್ತದೆ ಎಂಬುದನ್ನೂ ಈಗಲೇ, ಸಂಕೋಚವಿಲ್ಲದೆ ಕೇಳಿಕೊಳ್ಳಿ. ದಾರಿಯ ಉದ್ದವನ್ನು ಆ ಮಂಡಿಯೇ ನಿರ್ಧರಿಸಬೇಕು.

ಎರಡನೆಯದು: ದಾರಿಯನ್ನು ರಾಡ್‌ನಲ್ಲಿ ಅಳೆಯಿರಿ

ಇಲ್ಲಿನ ನಕ್ಷೆಗಳಲ್ಲಿ ಪೋರ್ಟೇಜ್‌ನ ಉದ್ದವನ್ನು ರಾಡ್ ಎಂಬ ಹಳೆಯ ಅಳತೆಯಲ್ಲಿ ಬರೆದಿರುತ್ತಾರೆ. ಒಂದು ರಾಡ್ ಎಂದರೆ ಹದಿನಾರೂವರೆ ಅಡಿ, ಹೆಚ್ಚು ಕಡಿಮೆ ಒಂದು ದೋಣಿಯ ಉದ್ದ. 100 ರಾಡ್ ಎಂದರೆ ಅರ್ಧ ಕಿಲೋಮೀಟರ್. ಕೇಳುವುದಕ್ಕೆ ಏನೂ ಅಲ್ಲ. ಆದರೆ ಸಾಮಾನೆಲ್ಲ ಒಂದೇ ಸಲಕ್ಕೆ ಹೊರಲಾಗದು. ಹೊತ್ತು ಹೋಗಿ, ಬರಿಗೈಯಲ್ಲಿ ಮರಳಿ, ಮತ್ತೆ ಹೊತ್ತು ಹೋಗುವಾಗ ಅದೇ ದಾರಿಯನ್ನು ಮೂರು ಸಲ ತುಳಿಯುತ್ತೀರಿ. ಅರ್ಧ ಕಿಲೋಮೀಟರ್ ಒಂದೂವರೆಯಾಯಿತು. ಅದರಲ್ಲಿ ಒಂದು ಕಿಲೋಮೀಟರ್ ಹೊರೆಯೊಂದಿಗೆ, ಕೆಸರು ಮತ್ತು ಬಂಡೆಗಳ ಮೇಲೆ. ದಿನಕ್ಕೆ ಇಂಥ ನಾಲ್ಕು ದಾರಿ ಇಟ್ಟುಕೊಂಡ ಗುಂಪು ಸಂಜೆ ಗಾಳ ಹಾಕುವುದಿಲ್ಲ, ಅಡ್ಡಾಗುತ್ತದೆ.

ಮೊದಲ ಸಲದವರಿಗೆ ಈಲಿ ಪಟ್ಟಣದ ಬಳಿಯ ಲೇಕ್ ಒನ್ ಒಳ್ಳೆಯ ಆರಂಭ. ಅಲ್ಲಿಂದ ಲೇಕ್ ಟೂಗೆ 30 ಮತ್ತು 40 ರಾಡ್‌ಗಳ ಎರಡು ಚಿಕ್ಕ ಪೋರ್ಟೇಜ್‌ಗಳು. ಆಮೇಲೆ ಮೂರು, ನಾಲ್ಕನೆಯ ಸರೋವರದವರೆಗೆ ದೋಣಿಯಿಂದ ಇಳಿಯಬೇಕಿಲ್ಲ. (ಹೆಸರಿಡುವ ಹೊತ್ತಿಗೆ ಯಾರಿಗೋ ಬೇಸರ ಬಂದಿದ್ದಿರಬೇಕು.) 2011ರ ಪಗಾಮಿ ಕ್ರೀಕ್ ಕಾಳ್ಗಿಚ್ಚು ಈ ಸೀಮೆಯನ್ನು ಸುಟ್ಟಿತ್ತು, ಆ ಬೂದಿಯಿಂದ ಎದ್ದ ಎಳೆಯ ಕಾಡಿನ ನಡುವೆ ನೀವು ಹೋಗುತ್ತೀರಿ. ಐದು ದಿನವಿದ್ದರೆ ಎರಡನೆಯ ದಿನ ಬಿಡಾರ ಹೂಡಿ, ಮೂರು ರಾತ್ರಿ ಅಲ್ಲೇ ಇದ್ದುಬಿಡಿ. ಗಾಳಿಯಿಂದಾಗಿ ಒಂದು ದಿನ ದೋಣಿ ನಡೆಸಲಾಗದು ಎಂದು ಮೊದಲೇ ಬರೆದಿಟ್ಟುಕೊಳ್ಳಿ.

ಪರವಾನಗಿ ಮತ್ತು ಋತು

ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ರಾತ್ರಿ ತಂಗುವ ಗುಂಪುಗಳಿಗೆ ದಿನಕ್ಕಿಷ್ಟು, ಪ್ರವೇಶಸ್ಥಳಕ್ಕಿಷ್ಟು ಎಂಬ ಮಿತಿಯಿದೆ. ನಮೂದಿಸಿದ ದಿನ, ನಮೂದಿಸಿದ ಜಾಗದಿಂದಲೇ ಒಳಹೋಗಬೇಕು, ಹೊರಬರುವುದು ನಿಮ್ಮಿಷ್ಟ. ಪರವಾನಗಿಯನ್ನು ಗುಂಪಿನ ಮುಖ್ಯಸ್ಥರು ಖುದ್ದಾಗಿ ಪಡೆಯಬೇಕಾದ್ದರಿಂದ ನೋಂದಣಿಯ ಹೊತ್ತಿನಲ್ಲೇ ಬದಲಿ ಮುಖ್ಯಸ್ಥರ ಹೆಸರುಗಳನ್ನೂ ಸೇರಿಸಿ. ಮುಖ್ಯಸ್ಥರಿಗೆ ಜ್ವರ ಬಂದರೆ ಉಳಿದವರೆಲ್ಲ ಈಲಿಯ ಬೀದಿ ನೋಡಿಕೊಂಡು ಮರಳಬೇಕಾಗುತ್ತದೆ.

ಮೇ ಮಧ್ಯದಲ್ಲಿ ವಾಲೈ ಮೀನಿನ ಋತು ತೆರೆಯುತ್ತದೆ, ಮೀನು ಚೆನ್ನಾಗಿ ಸಿಗುತ್ತದೆ. ಆದರೆ ಕೆಲವೇ ವಾರಗಳ ಹಿಂದೆ ಮಂಜುಗಡ್ಡೆಯಾಗಿದ್ದ ನೀರು ಅದು, ದೋಣಿ ಮಗುಚಿದರೆ ಕೈಕಾಲು ಮರಗಟ್ಟಲು ಹೆಚ್ಚು ಹೊತ್ತು ಬೇಡ. ಜೂನ್‌ನಲ್ಲಿ ಕಪ್ಪುನೊಣ, ಸೊಳ್ಳೆ. ಮಕ್ಕಳಿರುವ ಗುಂಪಿಗೆ ಆಗಸ್ಟ್ ಕೊನೆ ವಾಸಿ.

ಬುತ್ತಿ

ದೋಣಿಯನ್ನು ಬಾಡಿಗೆಗೆ ಪಡೆಯಿರಿ, ಕೆವ್ಲಾರ್ ಎಂಬ ಹಗುರವಾದ ಗಟ್ಟಿ ನಾರಿನದ್ದನ್ನೇ ಕೇಳಿ. ಅಲ್ಯುಮಿನಿಯಂ ದೋಣಿ ಮೂವತ್ತು ಕಿಲೋ ಮೀರುತ್ತದೆ, ಕೆವ್ಲಾರ್ ಇಪ್ಪತ್ತರ ಆಸುಪಾಸು. ಮೂವತ್ತನೆಯ ರಾಡ್‌ನಲ್ಲಿ ಹೆಗಲು ಆ ವ್ಯತ್ಯಾಸವನ್ನು ಲೆಕ್ಕ ಹಾಕಿ ಹೇಳುತ್ತದೆ.

ಆಹಾರದ ತಗಡಿನ ಡಬ್ಬಿ, ಗಾಜಿನ ಬಾಟಲಿಗಳನ್ನು ಒಳಗೆ ಒಯ್ಯುವಂತಿಲ್ಲ. ನನ್ನ ಮೊದಲ ಪ್ರವಾಸದಲ್ಲಿ ಊರಿಂದ ಬಂದ ಮಿಡಿ ಉಪ್ಪಿನಕಾಯಿಯ ಗಾಜಿನ ಜಾಡಿ ಕಾರಿನಲ್ಲೇ ಉಳಿಯಿತು. ಐದು ದಿನದ ಬಿಸಿಲಿಗೆ ಮುಚ್ಚಳ ಸಡಿಲಿ ಸೀಟಿಗೆಲ್ಲ ಎಣ್ಣೆ. ಪ್ಲಾಸ್ಟಿಕ್ ಡಬ್ಬಿಗೆ ಸುರಿದುಕೊಳ್ಳುವುದು ಎರಡು ನಿಮಿಷದ ಕೆಲಸವಾಗಿತ್ತು. ಹಾಗೆ ನೋಡಿದರೆ ನಮ್ಮ ಅಡುಗೆಮನೆ ಈ ಪ್ರವಾಸಕ್ಕೆ ಹೇಳಿ ಮಾಡಿಸಿದ್ದು. ಗೊಜ್ಜವಲಕ್ಕಿಯ ಪುಡಿ, ಹುರಿದ ರವೆ, ಚಟ್ನಿಪುಡಿ, ಹುರಿಹಿಟ್ಟು: ಎಲ್ಲವೂ ಒಣ, ಎಲ್ಲವೂ ಹಗುರ, ಬಿಸಿನೀರು ಬಿದ್ದರೆ ಸಾಕು. ಒಪ್ಪೊತ್ತಿನ ಊಟವನ್ನು ಒಂದು ಚೀಲಕ್ಕೆ ಕಟ್ಟಿ, ಮೇಲೆ ದಿನ ಬರೆಯಿರಿ. ಮೀನು ಸಿಕ್ಕೇ ಸಿಗುತ್ತದೆಂದು ನಂಬಿ ಒಂದು ಹೊತ್ತಿನದ್ದನ್ನೂ ಬಿಡಬೇಡಿ. ಸರೋವರದ ನೀರನ್ನು ಸೋಸಿ ಅಥವಾ ಕುದಿಸಿ ಕುಡಿಯಿರಿ.

ರಾತ್ರಿ ಅಷ್ಟೂ ಬುತ್ತಿ, ಟೂತ್‌ಪೇಸ್ಟ್ ಸಮೇತ, ಕರಡಿಗೆ ಎಟುಕದಂತಿರಬೇಕು: ಕರಡಿ ತೆರೆಯಲಾರದ ಪ್ರಮಾಣಿತ ಡಬ್ಬಿಯಲ್ಲಿ, ಇಲ್ಲವೇ ನೆಲದಿಂದ 12 ಅಡಿ ಎತ್ತರ, ಕಾಂಡದಿಂದ 6 ಅಡಿ ದೂರದಲ್ಲಿ ತೂಗುಹಾಕಿ. ಕತ್ತಲಾದ ಮೇಲೆ ಹಗ್ಗ ಎಸೆಯುವುದನ್ನು ಕಲಿಯುವುದು ನೋಡುವವರಿಗೆ ಮಾತ್ರ ಮನರಂಜನೆ.

ಗಾಳ

16 ವರ್ಷ ತುಂಬಿದವರಿಗೆಲ್ಲ ಮಿನ್ನೆಸೋಟದ ಮೀನುಗಾರಿಕೆ ಪರವಾನಗಿ ಬೇಕು. ಎಷ್ಟು ಹಿಡಿಯಬಹುದೆಂಬ ಮಿತಿಯನ್ನು ಆ ವರ್ಷದ ನಿಯಮಾವಳಿ ನೋಡಿ ತಿಳಿದುಕೊಳ್ಳಿ. ನಕ್ಷೆಯಲ್ಲಿ ಗಡಿಯಾಚೆ ಕಾಣುವ ನೀರು ಕೆನಡಾದ ಒಂಟಾರಿಯೋ ಪ್ರಾಂತ್ಯದ್ದು. ಅಲ್ಲಿ ಪರವಾನಗಿಯೂ ಬೇರೆ, ಕಾನೂನೂ ಬೇರೆ. ವಾಲೈ ಮುಸ್ಸಂಜೆಯ ಮೀನು. ಹಗಲಿಡೀ ಕಾದು ಬೇಸರವಾಗಿ ದೋಣಿ ದಡಕ್ಕೆಳೆದ ಮೇಲೆಯೇ ಅದು ಎರೆಗೆ ಬರುತ್ತದೆ. ಜಿಗ್ ಎಂಬ ಭಾರದ ತಲೆಯ ಕೊಕ್ಕೆಗೆ ಜಿಗಣೆ ಸಿಕ್ಕಿಸಿ ನೀರಿನ ತಳದ ಹತ್ತಿರ ಆಡಿಸಿ. ಹಗಲಿಗೆ ಬಂಡೆಗಳಂಚಿನಲ್ಲಿ ಸ್ಮಾಲ್‌ಮೌತ್ ಬಾಸ್ ಇದೆ, ಮಕ್ಕಳಿಗೆ ಅದೇ ಸರಿ. ನಾರ್ದರ್ನ್ ಪೈಕ್‌ನ ಹಲ್ಲು ದಾರವನ್ನು ಕತ್ತರಿಸುವುದರಿಂದ ತುದಿಗೆ ತಂತಿ ಕಟ್ಟಿ. ಮುಳ್ಳು ಬಿಡಿಸುವ ತಾಳ್ಮೆಯಿಲ್ಲದವರು ಅದನ್ನು ನೀರಿಗೆ ಬಿಟ್ಟುಬಿಡುವುದೇ ಮೇಲು. ವಾಲೈಯ ಮುಳ್ಳಿಲ್ಲದ ತುಂಡಿಗೆ ಕರಾವಳಿಯ ಖಾರ ಹಚ್ಚಿ, ರವೆಯಲ್ಲಿ ಹೊರಳಿಸಿ ಕಾವಲಿಗೆ ಹಾಕಿದರೆ ಮಂಗಳೂರಿನವರೂ ತಕರಾರು ಮಾಡುವುದಿಲ್ಲ. ಉಳಿದ ಮೂಳೆ, ಕರುಳನ್ನು ನೀರಿಗೆ ಎಸೆಯದೆ, ಬಿಡಾರದಿಂದಲೂ ದಡದಿಂದಲೂ ದೂರ ಒಯ್ದು ಹೂಳಿ.

ಹೊರಡುವ ಮುನ್ನ

ಲೈಫ್ ಜಾಕೆಟ್ ದೋಣಿಯ ತಳದಲ್ಲಲ್ಲ, ಮೈಮೇಲೆ ಇರಲಿ. ಮಧ್ಯಾಹ್ನಕ್ಕೆ ಗಾಳಿ ಏಳುತ್ತದೆ. ದೊಡ್ಡ ಸರೋವರಗಳನ್ನು ಬೆಳಗ್ಗೆಯೇ, ದಡದ ಆಸರೆಯಲ್ಲಿ ದಾಟಿ. ಮೇ 2024ರಲ್ಲಿ ಕರ್ಟನ್ ಜಲಪಾತದಲ್ಲಿ ದೋಣಿಗಳು ಕೆಳಗುರುಳಿ ಇಬ್ಬರು ಪ್ರಾಣ ಕಳೆದುಕೊಂಡರು. ಜಲಪಾತದ ಬಳಿ ಪೋರ್ಟೇಜ್ ಇದೆಯೆಂದರೆ ಸಾಕಷ್ಟು ಮೊದಲೇ ದಡ ಹಿಡಿಯಿರಿ. ಮೊಬೈಲ್ ಬಹುತೇಕ ಕಡೆ ಸತ್ತಂತೆ, ಆದ್ದರಿಂದ ಗುಂಪಿಗೊಂದು ಉಪಗ್ರಹ ಸಂದೇಶ ಸಾಧನವಿರಲಿ. ಮನೆಯಲ್ಲಿ ಉಳಿಯುವವರಿಗಾಗಿ ಒಂದು ಹಾಳೆಯಲ್ಲಿ ಎಲ್ಲಿ ನೀರಿಗಿಳಿಯುತ್ತೀರಿ, ಎಲ್ಲಿ ತಂಗುತ್ತೀರಿ, ಯಾವಾಗ ಹೊರಬರುತ್ತೀರಿ, ಯಾವ ದಿನ ಎಷ್ಟು ಗಂಟೆಯವರೆಗೆ ಸುದ್ದಿಯಿಲ್ಲದಿದ್ದರೆ ಕೌಂಟಿಯ ಶೆರಿಫ್ ಕಚೇರಿಗೆ ಕರೆ ಮಾಡಬೇಕು ಎಂಬಿಷ್ಟನ್ನೂ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ.