ಮೆಮೊರಿ ಕಾರ್ಡ್‌ನಲ್ಲಿ ಫೋಟೋಗಳು ಕಾಣದಿದ್ದಾಗ ಅನುಸರಿಸಬೇಕಾದ ಕ್ರಮ

ಕ್ಯಾಮೆರಾದ ಪರದೆಯ ಮೇಲೆ ‘ಚಿತ್ರಗಳಿಲ್ಲ’ ಎಂಬ ಸಂದೇಶ ಮೂಡಿದೊಡನೆ ಮಾಡಬೇಕಾದ ಮೊದಲ ಕೆಲಸವೆಂದರೆ, ಕಾರ್ಡಿಗೆ ಬರೆಯುವಾಗ ಬೆಳಗುವ ಸಣ್ಣ ದೀಪ ಆರಿದೆಯೇ ಎಂದು ನೋಡಿಕೊಂಡು, ಕ್ಯಾಮೆರಾವನ್ನು ಆಫ್ ಮಾಡಿ, ಕಾರ್ಡನ್ನು ಹೊರತೆಗೆದು ಪಕ್ಕಕ್ಕಿಡುವುದು. ಕಾರ್ಡ್ ಸರಿಯಿದೆಯೇ ಎಂದು ತಿಳಿಯಲು ಇನ್ನೊಂದು ಫೋಟೋ ತೆಗೆದು ನೋಡುವುದು ಸಹಜವೆನಿಸಿದರೂ ಅದೇ ದೊಡ್ಡ ಅಪಾಯ. ಕಾರ್ಡಿನ ದೃಷ್ಟಿಯಲ್ಲಿ ಈಗ ಖಾಲಿ ಎನಿಸಿಕೊಂಡಿರುವ ಜಾಗದಲ್ಲಿಯೇ ಹಳೆಯ ಫೋಟೋಗಳು ಇನ್ನೂ ಕುಳಿತಿರಬಹುದು, ಹೊಸ ಫೋಟೋ ಅವುಗಳ ಮೇಲೆಯೇ ಬರೆಯಲ್ಪಡಬಹುದು. ಎಸ್‌ಡಿ ಕಾರ್ಡ್ ಆಗಿದ್ದರೆ ಅದರ ಅಂಚಿನಲ್ಲಿರುವ ಪುಟ್ಟ ಗುಂಡಿಯನ್ನು ‘ಲಾಕ್’ ಕಡೆಗೆ ಸರಿಸಿಬಿಡಿ. ಕಾರ್ಡನ್ನು ಸೇರಿಸಿದ ಮಾತ್ರಕ್ಕೆ ವಿಂಡೋಸ್ ಕೂಡ ತನ್ನದೊಂದು ಗುಪ್ತ ಫೋಲ್ಡರನ್ನು ಅದರಲ್ಲಿ ಬರೆಯುವುದುಂಟು. ಲಾಕ್ ಇದ್ದರೆ ಅದೂ ನಿಲ್ಲುತ್ತದೆ.

ಇನ್ನು ಕಾರ್ಡ್ ರೀಡರ್ ಮೂಲಕ ಕಾರ್ಡನ್ನು ಕಂಪ್ಯೂಟರಿಗೆ ಸೇರಿಸಿ, ಯಾವ ಫೋಲ್ಡರನ್ನೂ ತೆರೆಯುವ ಮೊದಲು ಅದರಲ್ಲಿ ಎಷ್ಟು ಜಾಗ ಬಳಕೆಯಾಗಿದೆ ಎಂಬುದನ್ನು ನೋಡಿ. ಮುಂದಿನ ದಾರಿಯನ್ನು ನಿರ್ಧರಿಸುವುದು ಈ ಒಂದು ಅಂಕಿಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ. 32 ಜಿಬಿ ಕಾರ್ಡಿನಲ್ಲಿ 21 ಜಿಬಿ ತುಂಬಿದೆಯೆಂದು ಕಂಪ್ಯೂಟರ್ ತೋರಿಸಿದರೆ ಫೋಟೋಗಳು ಬಹುತೇಕ ಸುರಕ್ಷಿತವಾಗಿವೆ, ಯಾವುದೋ ಕಾರಣದಿಂದ ಕ್ಯಾಮೆರಾಗೆ ಅವು ಕಾಣುತ್ತಿಲ್ಲ ಅಷ್ಟೆ. ಬಳಕೆಯಾದ ಜಾಗ ಕೆಲವೇ ಎಂಬಿ ಇದ್ದರೆ ಫೋಟೋಗಳು ಅಳಿಸಿಹೋಗಿವೆ, ಇಲ್ಲವೇ ಆ ಕಾರ್ಡಿಗೆ ಬಂದೇ ಇಲ್ಲ. ಕಾರ್ಡನ್ನು ಓದಲಾಗದೆ, ಅದನ್ನು ಫಾರ್ಮ್ಯಾಟ್ ಮಾಡಬೇಕೆಂದು ಕಂಪ್ಯೂಟರ್ ಕೇಳಿದರೆ, ಒಪ್ಪದೆ ಆ ಕಿಟಕಿಯನ್ನು ಮುಚ್ಚಿ.

ಜಾಗ ತುಂಬಿದ್ದೂ ಕ್ಯಾಮೆರಾದಲ್ಲಿ ಏನೂ ಕಾಣದಿರಲು ಕಾರಣಗಳು ಹಲವು. ಡಿಜಿಟಲ್ ಕ್ಯಾಮೆರಾಗಳು ಫೋಟೋಗಳನ್ನು ಜೋಡಿಸಿಡುವ ಕ್ರಮಕ್ಕೆ 1998ರಲ್ಲಿ ಜಪಾನಿನಲ್ಲಿ ರೂಪುಗೊಂಡ ಡಿಸಿಎಫ್ ಎಂಬ ನಿಯಮವೇ ಆಧಾರ. ಅದರ ಪ್ರಕಾರ ಡಿಸಿಐಎಂ ಎಂಬ ಮುಖ್ಯ ಫೋಲ್ಡರಿನೊಳಗೆ 100ರಿಂದ 999ರವರೆಗಿನ ಸಂಖ್ಯೆಯಿಂದ ಆರಂಭವಾಗುವ ಫೋಲ್ಡರುಗಳು, ಅವುಗಳೊಳಗೆ ನಾಲ್ಕು ಅಕ್ಷರ ಮತ್ತು ನಾಲ್ಕು ಅಂಕಿಗಳ ಹೆಸರಿನ ಫೈಲುಗಳು ಇರಬೇಕು. ಕಂಪ್ಯೂಟರಿನಲ್ಲಿ ಯಾರಾದರೂ ಫೋಲ್ಡರಿಗೆ ‘ಮದುವೆ’ ಎಂದೋ ಫೋಟೋಗೆ ಮಗುವಿನ ಹೆಸರನ್ನೋ ಇಟ್ಟಿದ್ದರೆ, ಫೈಲಿಗೆ ಏನೂ ಆಗದಿದ್ದರೂ ಕ್ಯಾಮೆರಾ ಅದನ್ನು ಗುರುತಿಸದೇ ಹೋಗಬಹುದು. ಇಂತಹ ಸಂದರ್ಭದಲ್ಲಿ ಎಲ್ಲವನ್ನೂ ಕಂಪ್ಯೂಟರಿಗೆ ನಕಲು ಮಾಡಿಕೊಂಡರೆ ಕೆಲಸ ಮುಗಿಯಿತು.

ಕ್ಯಾಮೆರಾದ ಸೆಟ್ಟಿಂಗುಗಳೂ ಫೋಟೋಗಳನ್ನು ಮರೆಮಾಡುತ್ತವೆ. ಎರಡು ಕಾರ್ಡುಗಳ ಕ್ಯಾಮೆರಾ ಆಗಿದ್ದರೆ ಪರದೆ ತೋರಿಸುತ್ತಿರುವುದು ಇನ್ನೊಂದು ಕಾರ್ಡಿನದ್ದಾಗಿರಬಹುದು. ನಿಕಾನ್‌ನ ಅನೇಕ ಮಾದರಿಗಳಲ್ಲಿ ಯಾವ ಫೋಲ್ಡರನ್ನು ತೋರಿಸಬೇಕು ಎಂಬ ಆಯ್ಕೆ ಇದ್ದು, ಅದು ‘ಪ್ರಸ್ತುತ ಫೋಲ್ಡರ್’ ಎಂದಿದ್ದರೆ ಹಿಂದಿನ ಫೋಲ್ಡರಿನ ಚಿತ್ರಗಳು ಕಾಣುವುದಿಲ್ಲ. ಅದನ್ನು ‘ಎಲ್ಲ’ ಎಂದು ಬದಲಾಯಿಸಬೇಕು. ಸೋನಿಯ ಹಲವು ಕ್ಯಾಮೆರಾಗಳು ಚಿತ್ರಗಳ ಪಟ್ಟಿಯನ್ನು ಪ್ರತ್ಯೇಕ ಡೇಟಾಬೇಸ್ ಫೈಲಿನಲ್ಲಿ ಇಡುತ್ತವೆ. ಅದು ಕೆಟ್ಟಾಗ ಮೆನುವಿನಲ್ಲಿ ಡೇಟಾಬೇಸನ್ನು ಮರಳಿ ಕಟ್ಟುವ ಆಯ್ಕೆಯಿದೆ, ಆದರೆ ಅದು ಕಾರ್ಡಿಗೆ ಬರೆಯುವ ಕೆಲಸವಾದ್ದರಿಂದ ನಕಲು ಮಾಡಿಕೊಂಡ ಮೇಲೆಯೇ ಬಳಸಿ. ಕೆಲವು ಸಣ್ಣ ಕ್ಯಾಮೆರಾಗಳಲ್ಲಿ ಒಳಗೇ ಒಂದಿಷ್ಟು ಮೆಮೊರಿ ಇರುತ್ತದೆ. ಕಾರ್ಡ್ ಇಲ್ಲದೆ ತೆಗೆದ ಫೋಟೋಗಳು ಅಲ್ಲಿ ಸೇರಿ, ಕಾರ್ಡ್ ಹಾಕಿದೊಡನೆ ಕಣ್ಮರೆಯಾಗುತ್ತವೆ. ಕಾರ್ಡನ್ನು ತೆಗೆದು ಕ್ಯಾಮೆರಾ ಆನ್ ಮಾಡಿದರೆ ಅವು ಅಲ್ಲೇ ಇರುತ್ತವೆ.

ಇವೆಲ್ಲಕ್ಕಿಂತ ನೋವಿನ ಕಾರಣ ಇನ್ನೊಂದಿದೆ. ಕಾರ್ಡ್ ಇಲ್ಲದೆಯೂ ಶಟರ್ ಒತ್ತಲು ಬಿಡುವ ಸೆಟ್ಟಿಂಗ್ ಅನೇಕ ಕ್ಯಾಮೆರಾಗಳಲ್ಲಿದೆ, ಕೆಲವುದರಲ್ಲಿ ಅದು ಕೊಳ್ಳುವಾಗಲೇ ಆನ್ ಆಗಿರುತ್ತದೆ. ಶಟರಿನ ಸದ್ದು ಎಂದಿನಂತೆಯೇ ಕೇಳುತ್ತದೆ, ತೆಗೆದ ಚಿತ್ರ ಪರದೆಯ ಮೇಲೆ ಕ್ಷಣಕಾಲ ಮೂಡಲೂಬಹುದು, ಆದರೆ ಎಲ್ಲಿಯೂ ಉಳಿಯುವುದಿಲ್ಲ. ಹಾಗೆ ಆಗಿದ್ದರೆ ಯಾವ ತಂತ್ರಾಂಶಕ್ಕೂ ಹಣ ಕೊಡಬೇಡಿ, ಏಕೆಂದರೆ ಮರಳಿ ಪಡೆಯಲು ಅಲ್ಲಿ ಏನೂ ಇಲ್ಲ. ನಿಮ್ಮ ಕ್ಯಾಮೆರಾದಲ್ಲಿ ಈ ಸೆಟ್ಟಿಂಗ್ ಹೇಗಿದೆ ಎಂದು ಇವತ್ತೇ ನೋಡಿ, ಆನ್ ಇದ್ದರೆ ಆಫ್ ಮಾಡಿ.

ಕಂಪ್ಯೂಟರಿನ ಕಡೆಯಿಂದ ಆಗುವ ಗೊಂದಲಗಳನ್ನೂ ಪರಿಶೀಲಿಸಬೇಕು. ಆಮದು ಮಾಡಿಕೊಂಡ ಮೇಲೆ ಕಾರ್ಡಿನಿಂದ ಅಳಿಸುವ ಆಯ್ಕೆ ಕೆಲವು ತಂತ್ರಾಂಶಗಳಲ್ಲಿ ಇರುವುದರಿಂದ, ಕಳೆದುಹೋದವೆಂದು ಭಾವಿಸಿದ ಫೋಟೋಗಳು ಕಂಪ್ಯೂಟರಿನಲ್ಲೇ ಸಿಗುವ ಸಾಧ್ಯತೆಯುಂಟು. ಕ್ಯಾಮೆರಾದ ಗಡಿಯಾರ ತಪ್ಪಿದ್ದರೆ ಅವು ವರ್ಷಗಳ ಹಿಂದಿನ ಯಾವುದೋ ದಿನಾಂಕದ ಕೆಳಗೆ ಅಡಗಿರುತ್ತವೆ. ಮ್ಯಾಕ್‌ನಲ್ಲಿ ಕಾರ್ಡಿನಿಂದ ಅಳಿಸಿದ ಫೈಲುಗಳು ಟ್ರ್ಯಾಶ್ ಖಾಲಿ ಮಾಡುವವರೆಗೂ ಅದೇ ಕಾರ್ಡಿನ ಗುಪ್ತ ಫೋಲ್ಡರೊಂದರಲ್ಲಿ ಇರುತ್ತವೆ, ಆದ್ದರಿಂದ ಕಾರ್ಡನ್ನು ಸೇರಿಸಿದ ಸ್ಥಿತಿಯಲ್ಲಿ ಟ್ರ್ಯಾಶ್ ತೆರೆದು ನೋಡಿ. ವಿಂಡೋಸಿನಲ್ಲಿ ಕಾರ್ಡಿನಿಂದ ಅಳಿಸಿದ್ದು ಸಾಮಾನ್ಯವಾಗಿ ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ. ಹಳೆಯ ಕಾರ್ಡ್ ರೀಡರುಗಳು 32 ಜಿಬಿಗಿಂತ ದೊಡ್ಡದಾದ ಎಸ್‌ಡಿಎಕ್ಸ್‌ಸಿ ಕಾರ್ಡುಗಳನ್ನು ಓದಲಾರದೇ ಇರಬಹುದಾದ್ದರಿಂದ, ಕಾರ್ಡ್ ಕೆಟ್ಟಿದೆ ಎಂದು ತೀರ್ಮಾನಿಸುವ ಮುನ್ನ ಬೇರೊಂದು ರೀಡರಿನಲ್ಲಿ ಹಾಕಿ ನೋಡುವುದು ಅಗತ್ಯ.

ನಿಜವಾಗಿಯೂ ಅಳಿಸಿಹೋಗಿದ್ದರೂ ಆಸೆ ಬಿಡಬೇಕಾಗಿಲ್ಲ. ಫೈಲುಗಳನ್ನು ಜೋಡಿಸಿ ದಾಖಲಿಸಲು 32 ಜಿಬಿವರೆಗಿನ ಎಸ್‌ಡಿಎಚ್‌ಸಿ ಕಾರ್ಡುಗಳು ಫ್ಯಾಟ್32 ಕ್ರಮವನ್ನೂ ಅದಕ್ಕಿಂತ ದೊಡ್ಡವು ಎಕ್ಸ್‌ಫ್ಯಾಟ್ ಕ್ರಮವನ್ನೂ ಬಳಸುತ್ತವೆ. ಫ್ಯಾಟ್32ರಲ್ಲಿ ಫೋಟೋ ಅಳಿಸಿದಾಗ ನಡೆಯುವುದು ಇಷ್ಟೇ: ಫೈಲಿನ ಹೆಸರಿನ ಮೊದಲ ಅಕ್ಷರದ ಜಾಗದಲ್ಲಿ ‘ಅಳಿಸಲಾಗಿದೆ’ ಎಂಬ ಗುರುತು ಬೀಳುತ್ತದೆ, ಅದು ಆಕ್ರಮಿಸಿದ್ದ ಜಾಗ ಖಾಲಿಯೆಂದು ದಾಖಲಾಗುತ್ತದೆ. ಚಿತ್ರದ ದತ್ತಾಂಶ ಹಾಗೆಯೇ ಇರುತ್ತದೆ. ಸಾಮಾನ್ಯ ಫಾರ್ಮ್ಯಾಟ್ ಕೂಡ ಹೆಚ್ಚಿನ ಸಂದರ್ಭಗಳಲ್ಲಿ ಈ ದಾಖಲೆಯನ್ನಷ್ಟೇ ತೆಗೆದುಹಾಕುತ್ತದೆ.

ಹಾಗಾಗಿ ಮೊದಲು ಇಡೀ ಕಾರ್ಡಿನ ಬಿಂಬವನ್ನು, ಖಾಲಿ ಜಾಗವೂ ಸೇರಿದಂತೆ, ಕಂಪ್ಯೂಟರಿನ ಡಿಸ್ಕಿನಲ್ಲಿ ಒಂದೇ ದೊಡ್ಡ ಫೈಲಾಗಿ ಉಳಿಸಿಕೊಳ್ಳಿ. ಓದುವಾಗ ತಡವರಿಸುವ ಕಾರ್ಡಿಗೆ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಸೂಕ್ತ. ಮುಂದಿನ ಪ್ರಯತ್ನಗಳೆಲ್ಲ ಆ ಬಿಂಬದ ಮೇಲೆ ನಡೆಯಲಿ. ಉಚಿತವಾಗಿ ಸಿಗುವ ಫೋಟೋರೆಕ್ ತಂತ್ರಾಂಶ ದಾಖಲೆಯನ್ನು ನಂಬಿ ಕೂರುವುದಿಲ್ಲ: ಪ್ರತಿ ಜೆಪೆಗ್ ಚಿತ್ರವೂ ಎಫ್‌ಎಫ್ ಡಿ8 ಎಂಬ ಎರಡು ಬೈಟುಗಳಿಂದ ಆರಂಭವಾಗುತ್ತದೆ, ಅಂತಹ ಗುರುತುಗಳನ್ನು ಹುಡುಕುತ್ತಾ ಅದು ಫೋಟೋಗಳನ್ನು ಹೆಕ್ಕಿ ತೆಗೆಯುತ್ತದೆ. ಹೀಗೆ ಸಿಕ್ಕಿದ ಫೈಲುಗಳಿಗೆ ಮೂಲ ಹೆಸರು ಇರುವುದಿಲ್ಲವಾದರೂ, ಒಳಗಿರುವ ಎಕ್ಸಿಫ್ ಮಾಹಿತಿಯಲ್ಲಿ ತೆಗೆದ ದಿನಾಂಕ ಮತ್ತು ಸಮಯ ಇರುವುದರಿಂದ ಅವುಗಳನ್ನು ಮತ್ತೆ ಕ್ರಮಕ್ಕೆ ತರಬಹುದು. ಸಿಕ್ಕಿದ್ದನ್ನು ಅದೇ ಕಾರ್ಡಿಗೆ ಎಂದಿಗೂ ಉಳಿಸಬೇಡಿ. ಮೇಲಿನ ಅರ್ಧ ಸರಿಯಿದ್ದು ಕೆಳಗಿನ ಅರ್ಧ ಬರೀ ಬೂದು ಬಣ್ಣವಾಗಿರುವ ಚಿತ್ರಗಳೂ ಒಂದಿಷ್ಟು ಬರುತ್ತವೆ. ಅವುಗಳ ಉಳಿದ ಭಾಗ ಕಾರ್ಡಿನ ಬೇರೆಡೆ ಚದುರಿದೆ, ಇಲ್ಲವೇ ಅದರ ಮೇಲೆ ಬೇರೇನೋ ಬರೆದಾಗಿದೆ. ದೊಡ್ಡ ವಿಡಿಯೋಗಳಿಗೆ ಈ ಗತಿ ಹೆಚ್ಚು.

ವಿಂಡೋಸಿನ ಚೆಕ್‌ಡಿಸ್ಕಿನಂತಹ ದುರಸ್ತಿ ಸಾಧನವನ್ನು ಮೊದಲೇ ಓಡಿಸುವುದನ್ನು ನಾನು ಒಪ್ಪುವುದಿಲ್ಲ. ಅದು ಫೈಲ್ ವ್ಯವಸ್ಥೆಯನ್ನು ಸರಿಪಡಿಸಲು ಕಾರ್ಡಿಗೆ ಬರೆಯುತ್ತದೆಯೇ ಹೊರತು ಫೋಟೋಗಳನ್ನು ಕಾಪಾಡಬೇಕೆಂದಲ್ಲ. ಈಗಾಗಲೇ ಓಡಿಸಿದ್ದರೆ ಫೌಂಡ್.000 ಎಂಬ ಗುಪ್ತ ಫೋಲ್ಡರನ್ನು ಹುಡುಕಿ, ಅದರೊಳಗಿನ ಸಿಎಚ್‌ಕೆ ಫೈಲುಗಳಲ್ಲಿ ಕೆಲವು ಹೆಸರು ಬದಲಾದ ಫೋಟೋಗಳೇ ಆಗಿರಬಹುದು.

ದಾಖಲೆಯನ್ನಷ್ಟೇ ಅಲ್ಲದೆ ದತ್ತಾಂಶವನ್ನೂ ಅಳಿಸುವ, ಕ್ಯಾಮೆರಾದ ‘ಲೋ ಲೆವೆಲ್’ ಫಾರ್ಮ್ಯಾಟ್ ಆಗಿದ್ದರೆ ಮರಳಿ ಪಡೆಯುವ ದಾರಿ ಬಹುತೇಕ ಮುಚ್ಚಿದಂತೆಯೇ. ಯಾವ ರೀಡರಿನಲ್ಲಿಯೂ ಕಾರ್ಡ್ ಪತ್ತೆಯಾಗದಿದ್ದರೆ ಅದರ ಲೋಹದ ತುದಿಗಳನ್ನು ಒಣ ಮೃದು ಬಟ್ಟೆಯಿಂದ ಒರೆಸಿ ಒಮ್ಮೆ ನೋಡಿ. ಆಗಲೂ ಪತ್ತೆಯಾಗದಿದ್ದರೆ ದೋಷ ಕಾರ್ಡನ್ನು ನಿಯಂತ್ರಿಸುವ ಒಳಗಿನ ಚಿಪ್ಪಾದ ಕಂಟ್ರೋಲರಿನಲ್ಲಿರುವ ಸಂಭವ ಹೆಚ್ಚು, ಅದನ್ನು ದತ್ತಾಂಶ ಮರುಪಡೆಯುವ ಪ್ರಯೋಗಾಲಯಕ್ಕೆ ಕೊಡುವುದೊಂದೇ ಉಳಿದ ಮಾರ್ಗ.

ಫೋಟೋಗಳು ಎರಡು ಬೇರೆ ಬೇರೆ ಕಡೆ ಭದ್ರವಾಗಿ ಸೇರಿದ ಮೇಲಷ್ಟೇ ಲಾಕ್ ತೆಗೆದು ಕಾರ್ಡಿನ ಪರೀಕ್ಷೆಗೆ ಕೈಹಾಕಿ. ವಿಂಡೋಸಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಎಫ್3 ಎಂಬ ಉಚಿತ ತಂತ್ರಾಂಶಗಳು ಕಾರ್ಡನ್ನು ಪೂರ್ತಿ ತುಂಬಿಸಿ ಮತ್ತೆ ಓದಿ ತಾಳೆ ನೋಡುತ್ತವೆ. ಮೇಲೆ 64 ಜಿಬಿ ಎಂದು ಮುದ್ರಿಸಿದ್ದರೂ ಒಳಗೆ ಕೇವಲ 8 ಜಿಬಿ ಇರುವ ನಕಲಿ ಕಾರ್ಡುಗಳು ಸಿಕ್ಕಿಬೀಳುವುದು ಇಲ್ಲಿಯೇ: ಅವು ಮೊದಲ ಫೋಟೋಗಳನ್ನು ಸರಿಯಾಗಿಯೇ ಉಳಿಸಿ, ನಿಜವಾದ ಜಾಗ ತುಂಬಿದ ಮೇಲೆ ತೆಗೆದದ್ದನ್ನೆಲ್ಲ ಯಾವ ಎಚ್ಚರಿಕೆಯೂ ಇಲ್ಲದೆ ಕಳೆಯುತ್ತವೆ. ಪರೀಕ್ಷೆಯಲ್ಲಿ ಒಂದೇ ಒಂದು ದೋಷ ಕಂಡರೂ ಆ ಕಾರ್ಡನ್ನು ಮತ್ತೆ ಬಳಸಬೇಡಿ. ದೋಷವಿಲ್ಲದಿದ್ದರೆ, ಕಂಪ್ಯೂಟರಿನಲ್ಲಿ ಅಲ್ಲ, ಬಳಸುವ ಕ್ಯಾಮೆರಾದಲ್ಲಿಯೇ ಅದನ್ನು ಫಾರ್ಮ್ಯಾಟ್ ಮಾಡಿಕೊಳ್ಳಿ.