ಹಲಸಿನ ಮರದ ಕೆಳಗಿನ ಕೆಂಪು ಕಾರು

ನಮ್ಮ ಮನೆಯದು 2004ರ ಮಾರುತಿ 800. ಕೆಂಪು ಬಣ್ಣ. ಅಪ್ಪ ಕೊಂಡ ಮೊದಲ ಕಾರು, ಕೊನೆಯದೂ ಅದೇ. ಹೋದ ವರ್ಷದ ಹೊತ್ತಿಗೆ ಅದನ್ನ ಕೆಂಪು ಅನ್ನೋಕೆ ಧೈರ್ಯ ಬೇಕಿತ್ತು. ಬಾನೆಟ್ಟು, ಟಾಪು ಎರಡೂ ಹಳೇ ಹೂಕುಂಡದ ಬಣ್ಣಕ್ಕೆ ತಿರುಗಿದ್ದವು. ಬೆರಳಿಟ್ಟು ಎಳೆದರೆ ಕುಂಕುಮ ಮುಟ್ಟಿದ ಹಾಗೆ ಪುಡಿ ಹತ್ತುತ್ತಿತ್ತು.

ಕಾರಣ ಹುಡುಕಿಕೊಂಡು ದೂರ ಹೋಗಬೇಕಿರಲಿಲ್ಲ. ಹಗಲೆಲ್ಲಾ ಅಪ್ಪನ ಆಫೀಸಿನ ಮುಂದೆ ಬಯಲು ಬಿಸಿಲು. ರಾತ್ರಿ ಮನೆ ಮುಂದಿನ ಹಲಸಿನ ಮರದ ಕೆಳಗೆ. ನಮ್ಮ ಮನೆ ಚಿಕ್ಕಮಗಳೂರಿನಿಂದ ಆಲ್ದೂರಿಗೆ ಹೋಗುವ ದಾರಿಯಲ್ಲಿ. ಹಲಸಿನ ಮೇಣ, ಬಾವಲಿ ಹಿಕ್ಕೆ, ಮಳೆಗಾಲದ ಪಾಚಿ, ಬೇಸಿಗೆಯ ಕೆಂಪು ಧೂಳು, ಯಾವುದಕ್ಕೂ ಬರವಿಲ್ಲ. ಇದರ ಮೇಲೆ ಪ್ರತಿ ಭಾನುವಾರ ಅಪ್ಪ ಬಟ್ಟೆ ಸೋಪಿನ ಪುಡಿ ಹಾಕಿ, ಹಳೇ ಪಂಚೆ ತುಂಡಲ್ಲಿ ಗಸಗಸ ತಿಕ್ಕುತ್ತಿದ್ದರು. ಪ್ರೀತಿಯಿಂದಲೇ ತಿಕ್ಕುತ್ತಿದ್ದರು. ಬಟ್ಟೆಗೆ ಹತ್ತಿದ ಮರಳು ಮಾತ್ರ ಪ್ರೀತಿ ನೋಡುವುದಿಲ್ಲ. ಬಿಸಿಲಲ್ಲಿ ನಿಂತು ನೋಡಿದರೆ ಮೈ ತುಂಬಾ ಜೇಡರ ಬಲೆಯಂಥ ಸಣ್ಣ ಗೀರು.

ಪೇಟೆಯಲ್ಲಿ ಒಂದು ಕಡೆ ತೋರಿಸಿದೆ. "ಇದು ಪಾಲಿಶ್‌ಗೆ ಬರಲ್ಲ ಸರ್, ಪೂರ್ತಿ ಪೇಂಟ್ ಮಾಡಿಸ್ಬಿಡಿ" ಅಂದರು. ಹೇಳಿದ ದುಡ್ಡು ಕೇಳಿ ಸುಮ್ನೆ ವಾಪಸ್ ಬಂದೆ. ಬರುವಾಗ ದಾರಿಯಲ್ಲಿ ಒಂದು ಚಿಕ್ಕ ಡಬ್ಬಿ ರಬ್ಬಿಂಗ್ ಕಾಂಪೌಂಡ್, ಅಂದರೆ ಬಣ್ಣದ ಮೇಲ್ಮೈ ಸಣ್ಣಗೆ ಉಜ್ಜಿ ತೆಗೆಯುವ ಪೇಸ್ಟ್, ತಗೊಂಡೆ. ಡಿಕ್ಕಿಯ ಮೂಲೆಯಲ್ಲಿ ಅಂಗೈಯಷ್ಟು ಜಾಗಕ್ಕೆ ಹಚ್ಚಿ ಕೈಯಲ್ಲೇ ಐದು ನಿಮಿಷ ಉಜ್ಜಿ ಒರೆಸಿದೆ. ಬಟ್ಟೆ ಪೂರ್ತಿ ಕೆಂಪು. ಉಜ್ಜಿದ ಜಾಗದಲ್ಲಿ ನನ್ನ ಮುಖ ಕಾಣುತ್ತಿತ್ತು.

ಬಟ್ಟೆಗೆ ಬಣ್ಣ ಹತ್ತಿತಲ್ವಾ, ಅದರಲ್ಲೇ ಒಂದು ವಿಷಯ ಇದೆ. ಈಗಿನ ಬಹುತೇಕ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಅಂತ ಪಾರದರ್ಶಕ ಪದರ ಇರುತ್ತದೆ. ಅದನ್ನ ಉಜ್ಜಿದರೆ ಬಟ್ಟೆಗೆ ಬಣ್ಣ ಬರುವುದಿಲ್ಲ. ನಮ್ಮದರಲ್ಲಿ ಆ ಪದರ ಇಲ್ಲ, ಮೇಲೆ ಇರುವುದೇ ಬಣ್ಣ. ಬಿಸಿಲಿಗೆ ಅದರ ಮೇಲ್ಮೈ ಸತ್ತು ಪುಡಿಯಾಗಿತ್ತು, ಒಳಗಿನದು ಜೀವಂತ ಇತ್ತು. ಅಂದರೆ ನಾನು ಹೊಳಪು ಹಚ್ಚಬೇಕಿರಲಿಲ್ಲ, ಸತ್ತದ್ದನ್ನ ಕೆರೆದು ತೆಗೆಯಬೇಕಿತ್ತು. ಎಷ್ಟು ತೆಗೆಯಬಹುದು ಅನ್ನುವುದೇ ಕಷ್ಟದ ಲೆಕ್ಕ. ಬಣ್ಣಕ್ಕೂ ಮುಂಚೆ ತಗಡಿಗೆ ಹಚ್ಚುವ ಪ್ರೈಮರ್, ಬಣ್ಣ ಎಲ್ಲಾ ಸೇರಿದರೂ ಕಾರಿನ ಮೈಮೇಲೆ ಇರುವುದು ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು.

ಪಕ್ಕದ ಮನೆಯಲ್ಲಿ ಗ್ರಾನೈಟ್ ಕೆಲಸ ಮಾಡುವ ಅಣ್ಣ ಒಬ್ಬರಿದ್ದಾರೆ. ವಿಷಯ ಗೊತ್ತಾಗಿದ್ದೇ ತಡ, "ನನ್ನ ಗ್ರೈಂಡರ್ ತಗೊಂಡ್ ಹೋಗಿ, ಉಣ್ಣೆ ಪ್ಯಾಡ್ ಹಾಕಿ ಹೊಡೀರಿ, ಅರ್ಧ ಗಂಟೆ ಕೆಲ್ಸ" ಅಂದರು. ಪುಣ್ಯಕ್ಕೆ ಅದರ ಮೇಲೆ ಬರೆದದ್ದನ್ನ ಓದಿದೆ. ನಿಮಿಷಕ್ಕೆ 11,000 ಸುತ್ತು. ಕಾರಿಗೆ 1,000ದಿಂದ 1,500 ಸಾಕು. ಆ ಗ್ರೈಂಡರಿಂದ ಹೊಡೆದಿದ್ದರೆ ಅರ್ಧ ಗಂಟೆ ಯಾಕೆ, ಅರ್ಧ ನಿಮಿಷಕ್ಕೆ ತಗಡು ಕಾಣುತ್ತಿತ್ತು. ಕೊನೆಗೆ ಪರಿಚಯದ ಪೇಂಟರ್ ಒಬ್ಬರು ಸ್ಪೀಡ್ ಹೆಚ್ಚುಕಮ್ಮಿ ಮಾಡುವ ರೋಟರಿ ಪಾಲಿಶರ್ ಎರಡು ದಿನದ ಮಟ್ಟಿಗೆ ಕೊಟ್ಟರು. ಹೊಸದಾಗಿ ಕಲಿಯುವವರಿಗೆ ಡ್ಯುಯಲ್ ಆ್ಯಕ್ಷನ್ ಮಷೀನೇ ಒಳ್ಳೇದು. ಅದು ಸುತ್ತುತ್ತಾ ಅಲುಗಾಡುತ್ತದೆ, ಒಂದೇ ಜಾಗ ಅಷ್ಟು ಬೇಗ ಸುಡುವುದಿಲ್ಲ. ನನಗೆ ಅದು ಸಿಗಲಿಲ್ಲ.

ಜನವರಿಯ ಒಂದು ಶನಿವಾರ ಶುರು ಮಾಡಿದೆ. ಇಡೀ ಶನಿವಾರ ಮಷೀನು ಮುಟ್ಟಲೇ ಇಲ್ಲ, ಬರೀ ಸ್ವಚ್ಛ ಮಾಡುವುದೇ ಆಯಿತು. ಎರಡು ಬಕೆಟ್ ಇಟ್ಟುಕೊಂಡೆ, ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರು. ಹಲಸಿನ ಮೇಣ ಶಾಂಪೂವಿಗೆ ಜಗ್ಗಲಿಲ್ಲ. ಉಗುರಲ್ಲಿ ಕೀಳೋಕೆ ಹೋದೆ. ಜಗಲಿಯಲ್ಲಿ ಕೂತಿದ್ದ ಅಮ್ಮ, "ಹಣ್ಣು ಬಿಡಿಸುವಾಗ ಕೈಗೆ ಏನು ಹಚ್ಕೋತೀಯ? ಅದನ್ನೇ ಹಚ್ಚೋ" ಅಂದರು. ಸರಿ, ಕೊಬ್ಬರಿ ಎಣ್ಣೆ ಸವರಿ ಹತ್ತು ನಿಮಿಷ ಬಿಟ್ಟೆ. ಮೇಣ ಮೆತ್ತಗಾಗಿ ಉರುಳಿಕೊಂಡು ಬಂತು. ಎಣ್ಣೆ ಜಿಡ್ಡು ಹೋಗಲಿ ಅಂತ ಮತ್ತೊಂದು ಸಲ ತೊಳೆದೆ.

ಇಷ್ಟಾದರೂ ಸ್ವಚ್ಛ ಆಗಿರುವುದಿಲ್ಲ. ಕೈಗೆ ತೆಳ್ಳನೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬಾನೆಟ್ ಮೇಲೆ ಸವರಿ ನೋಡಿ. ಬರಿಗೈಗೆ ನುಣ್ಣಗೆ ಅನಿಸಿದ್ದು ಕವರಿನೊಳಗಿಂದ ರವೆ ಚೆಲ್ಲಿದ ಹಾಗೆ ಗರಗರ ಅನ್ನುತ್ತದೆ. ಬಣ್ಣದೊಳಗೆ ಕೂತ ಆ ಕಸವನ್ನ ಎಳೆಯೋಕೆ ಕ್ಲೇ ಬಾರ್ ಅಂತ ಜೇಡಿಮಣ್ಣಿನ ಮುದ್ದೆಯಂಥದ್ದು ಸಿಗುತ್ತದೆ. ಮೇಲೆ ಸೋಪು ನೀರು ಚಿಮುಕಿಸುತ್ತಾ, ಭಾರ ಹಾಕದೆ ಜಾರಿಸಬೇಕು. ಕೊಳೆಯಾದಾಗ ಚಪಾತಿ ಹಿಟ್ಟಿನ ಹಾಗೆ ಮಡಚಿ ಹೊಸ ಮುಖ ಮಾಡಿಕೊಳ್ಳಬೇಕು. ನೆಲಕ್ಕೆ ಬಿದ್ದರೆ ಬಿಸಾಡಿಬಿಡಿ, ಆಸೆ ಮಾಡಬೇಡಿ. ನಾನು ಅರ್ಧ ಮುದ್ದೆ ಹಾಗೇ ಕಳೆದುಕೊಂಡೆ.

ಭಾನುವಾರ ಬೆಳಿಗ್ಗೆ ಇಬ್ಬನಿ ಒರೆಸಿ, ಕಪ್ಪು ಬಂಪರ್, ರಬ್ಬರ್ ಬೀಡಿಂಗ್ ಎಲ್ಲಕ್ಕೂ ಮಾಸ್ಕಿಂಗ್ ಟೇಪ್ ಹಾಕಿದೆ. ಕಾಂಪೌಂಡ್ ಕಪ್ಪು ಪ್ಲಾಸ್ಟಿಕ್ಕಿಗೆ ಹತ್ತಿ ಒಣಗಿದರೆ ಆ ಬಿಳಿ ಕಲೆ ಬೇಗ ಬಿಡುವುದಿಲ್ಲ. ಬಿಸಿಲು ಏರುವ ಮುಂಚೆ ಮುಗಿಸಬೇಕು. ತಗಡು ಕಾದರೆ ಕಾಂಪೌಂಡ್ ಕೆಲಸ ಮಾಡುವ ಮೊದಲೇ ಒಣಗುತ್ತದೆ.

ಪ್ಯಾಡಿಗೆ ಕಡಲೆಕಾಳಿನಷ್ಟು ನಾಲ್ಕು ಬೊಟ್ಟು ಇಟ್ಟು ಸ್ವಿಚ್ ಒತ್ತಿದೆ. ಪ್ಯಾಡ್ ಇನ್ನೂ ಗಾಳಿಯಲ್ಲಿತ್ತು. ನಾಲ್ಕೂ ಬೊಟ್ಟು ಹಾರಿ ತಂತಿ ಮೇಲಿದ್ದ ಅಮ್ಮನ ಸೀರೆಗೆ ಬಿದ್ದವು. ಪ್ಯಾಡನ್ನು ಕಾರಿನ ಮೇಲೆ ಇಟ್ಟು, ಮೊದಲು ನಿಧಾನಕ್ಕೆ ಹರಡಿ, ಆಮೇಲೆ ಸ್ಪೀಡ್ ಏರಿಸಬೇಕು ಅಂತ ಆ ಕ್ಷಣಕ್ಕೆ ಗೊತ್ತಾಯಿತು. ಅಮ್ಮ ಇನ್ನೂ ಎರಡು ಮಾತು ಗೊತ್ತು ಮಾಡಿಸಿದರು.

ಒಂದು ಸಲಕ್ಕೆ ಎರಡು ಅಡಿ ಉದ್ದ, ಎರಡು ಅಡಿ ಅಗಲ. ಅದಕ್ಕಿಂತ ಜಾಸ್ತಿ ಬೇಡ. ಸೆಕೆಂಡಿಗೆ ಒಂದು ಇಂಚಿನಂತೆ, ಮೊದಲು ಅಡ್ಡ, ಆಮೇಲೆ ಉದ್ದ. ಒಂದು ಸಾಲು ಹಿಂದಿನ ಸಾಲನ್ನ ಅರ್ಧ ಮುಚ್ಚಬೇಕು. ನಾಲ್ಕು ಸುತ್ತು ಆದಮೇಲೆ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ ಮೊಬೈಲ್ ಟಾರ್ಚ್ ಹಿಡಿದು ನೋಡಬೇಕು. ಪ್ಯಾಡ್ ಕೆಂಪು ಕೆಸರಾಗಿ ಗಟ್ಟಿಯಾಗುತ್ತಿತ್ತು, ಆಗಾಗ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದೆ. ಟಾಪಿನ ಅರ್ಧ ಮುಗಿದಾಗ ನಡುವೆ ಗೆರೆ ಎಳೆದ ಹಾಗೆ ಒಂದು ಕಡೆ ಹೂಕುಂಡ, ಇನ್ನೊಂದು ಕಡೆ ಹಣ್ಣಾದ ಕಾಫಿ. ಬೆನ್ನು ನೋವೆಲ್ಲಾ ಮರೆತುಹೋಯಿತು.

ಮರೆತದ್ದೇ ಕೆಟ್ಟದ್ದಾಯಿತು. ಬಾನೆಟ್ಟಿನ ಅಂಚಿಗೆ ಬಂದಾಗ ಅದೇ ಹುಮ್ಮಸ್ಸಿನಲ್ಲಿ ಪ್ಯಾಡ್ ಓರೆ ಮಾಡಿ ಒತ್ತಿಬಿಟ್ಟೆ. ಅಂಚುಗಳಲ್ಲಿ, ಎದ್ದ ಗೆರೆಗಳ ಮೇಲೆ ಬಣ್ಣ ತೆಳ್ಳಗಿರುತ್ತದೆ. ಪ್ಯಾಡಿನ ಭಾರವೆಲ್ಲಾ ಅಲ್ಲೇ ಬೀಳುತ್ತದೆ. ಬಿಸಿ ವಾಸನೆ ಬಂತು, ಎತ್ತಿದೆ. ನಾಲ್ಕಾಣೆ ನಾಣ್ಯದಷ್ಟು ಅಗಲ ಬೂದು ಪ್ರೈಮರ್ ನನ್ನನ್ನೇ ನೋಡುತ್ತಿತ್ತು. ಅದನ್ನ ಯಾವ ಪಾಲಿಶೂ ವಾಪಸ್ ತರುವುದಿಲ್ಲ. ಆಮೇಲೆ ಎಲ್ಲಾ ಅಂಚಿಗೂ ಟೇಪ್ ಹಾಕಿದೆ, ಅಲ್ಲಿಗೆ ಕೈಯಲ್ಲೇ ಉಜ್ಜಿದೆ.

ಕಾಂಪೌಂಡ್ ಆದಮೇಲೆ ಮೆತ್ತನೆ ಫೋಮ್ ಪ್ಯಾಡಲ್ಲಿ ನಯವಾದ ಪಾಲಿಶ್. ಇದನ್ನ ಬಿಟ್ಟರೆ ರೋಟರಿ ಮಷೀನಿನ ಸುತ್ತುಗೆರೆಗಳು ಬಿಸಿಲಲ್ಲಿ ಮಿಂಚುತ್ತವೆ. ನಾನು ಟಾಪಿನ ಮೇಲೆ ಅವಸರ ಮಾಡಿದೆ. ಪಾಲಿಶಿನ ಎಣ್ಣೆ ಗೀರುಗಳನ್ನ ತಾತ್ಕಾಲಿಕವಾಗಿ ಮುಚ್ಚಿಡುತ್ತದೆ ಅಂತ ತಿಳಿಯದೆ ಹೊಳಪು ನೋಡಿ ಹಿಗ್ಗಿದೆ. ಎರಡು ಸಲ ತೊಳೆದಮೇಲೆ ಗೀರೆಲ್ಲಾ ಮತ್ತೆ ಹಾಜರ್. ಮುಂದಿನ ತಿಂಗಳು ಟಾಪ್ ಒಂದನ್ನೇ ಮತ್ತೆ ಮಾಡಬೇಕಾಯಿತು.

ಕೊನೆಗೆ ವ್ಯಾಕ್ಸ್. ಕನ್ನಡದಲ್ಲಿ ಅದೂ ಮೇಣವೇ! ಶನಿವಾರ ಒಂದು ಮೇಣ ಕಿತ್ತು ಭಾನುವಾರ ಇನ್ನೊಂದು ಮೇಣ ಹಚ್ಚಿದೆ. ತೆಳ್ಳಗೆ ಹಚ್ಚಿ, ಮಬ್ಬಾದ ಮೇಲೆ ಒರೆಸಿದರಾಯಿತು. ದಪ್ಪ ಹಚ್ಚಿದರೆ ಒರೆಸುವ ಕಷ್ಟ ಜಾಸ್ತಿ, ಲಾಭ ಏನೂ ಇಲ್ಲ. ಕ್ಲಿಯರ್ ಕೋಟ್ ಇಲ್ಲದ ಕಾರಿಗೆ ಎರಡು ಮೂರು ತಿಂಗಳಿಗೊಮ್ಮೆ ಇದು ಬೇಕೇ ಬೇಕು. ಮಲೆನಾಡ ಮಳೆಯಲ್ಲಿ ಅಷ್ಟು ದಿನವೂ ನಿಲ್ಲುವುದಿಲ್ಲ. ಜೂನ್ ಮುಂಚೆ ಒಮ್ಮೆ, ಮಳೆ ಬಿಟ್ಟಮೇಲೆ ಒಮ್ಮೆ ತಪ್ಪಿಸದೆ ಹಚ್ಚುತ್ತೇನೆ.

ಎಲ್ಲಾ ಹೋಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಬಾವಲಿ ಹಿಕ್ಕೆ ಬಣ್ಣವನ್ನೇ ತಿಂದ ಮೂರು ಗುರುತು ಟಾಪಿನ ಮೇಲೆ ಹಾಗೇ ಇವೆ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರುಗಳೂ ಉಳಿದವು. ನಮ್ಮ ಕಾರು ನೋಡಿ ಸ್ನೇಹಿತನೊಬ್ಬ ತನ್ನ ಬೆಳ್ಳಿ ಬಣ್ಣದ ಕಾರು ತಂದ. ಅದರ ಕ್ಲಿಯರ್ ಕೋಟ್ ಸಿಪ್ಪೆ ಎದ್ದಿತ್ತು. ಅದಕ್ಕೆ ಪಾಲಿಶ್ ಮದ್ದಲ್ಲ, ಪೇಂಟೇ ಮಾಡಿಸಬೇಕು ಅಂದೆ. ದುಡ್ಡಿನ ಆಸೆಗೆ ಪೇಟೆಯವರು ಹೇಳಿದ್ದನ್ನೇ ನೀನೂ ಹೇಳ್ತೀಯಲ್ಲ ಅಂತ ಬೇಜಾರು ಮಾಡಿಕೊಂಡ.

ಬಾನೆಟ್ಟಿನ ಬೂದು ಚುಕ್ಕೆಗೆ ಟಚ್-ಅಪ್ ಬಣ್ಣ ಹಚ್ಚಿದೆ. ಕೂಡಲಿಲ್ಲ, ತೇಪೆ ಹಾಕಿದ ಹಾಗೆ ಕಾಣುತ್ತಿತ್ತು. ಆಯುಧಪೂಜೆ ದಿನ ಅಮ್ಮ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದರು. ನಿನ್ನೆ ತಾನೇ ವ್ಯಾಕ್ಸ್ ಹಾಕಿದ್ದೀನಿ, ಕಲೆ ಆಗುತ್ತೆ, ಗಾಜಿಗೆ ಇಡಮ್ಮ ಅಂದೆ. ಅಮ್ಮ ಕಾರಿನ ಸುತ್ತ ಒಂದು ಸುತ್ತು ನೋಡಿಕೊಂಡು ಬಂದು, ಸರಿಯಾಗಿ ಆ ತೇಪೆಯ ಮೇಲೇ ಹೆಬ್ಬೆರಳಗಲ ಕುಂಕುಮ ಇಟ್ಟರು.